ಕೂಗುವ ಅಳತೆ, ಬರೆಯುವ ಅಳತೆ

ಪ್ಯಾಂಟು ಹೊಲಿಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನ ಮೊದಲ ಚಡ್ಡಿ ನಾನೇ ಹೊಲಿದದ್ದಿರಬೇಕು. ನನ್ನ ಕತ್ತರಿ ಕಂಡರೆ ಸಾಕು, ಬಟ್ಟೆ ತಾನಾಗಿಯೇ ಎರಡಾಗಿ ಆಚೀಚೆ ಸರಿದು ನಿಲ್ಲುತ್ತದೆ. ಒಮ್ಮೆ ಒಬ್ಬ ಗಿರಾಕಿ ನನ್ನ ಪ್ಯಾಂಟು ತೊಟ್ಟು ಕನ್ನಡಿಯ ಮುಂದೆ ನಿಂತವನು ತನ್ನ ಗುರುತು ತನಗೇ ಸಿಗದೆ, "ನೀವು ನೋಡ್ಕೊಳ್ಳಿ ಸ್ವಾಮಿ, ನಾನು ಆಮೇಲೆ ಬರ್ತೀನಿ" ಎಂದು ಪಕ್ಕಕ್ಕೆ ಸರಿದಿದ್ದ.

ಆದರೆ ನಮ್ಮ ಅಂಗಡಿಯ ನಿಜವಾದ ಗುಟ್ಟು ಇರುವುದು ಕತ್ತರಿಯಲ್ಲಲ್ಲ, ನಾಲಿಗೆಯಲ್ಲಿ. ಅಪ್ಪ ಕಲಿಸಿಕೊಟ್ಟ ವಿದ್ಯೆ ಅದು. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತುತ್ತೇನೆ. ಟೇಪು ಮೂವತ್ತೆಂಟು ತೋರಿಸುತ್ತದೆ. ನಾನು ಬೀದಿಗೆಲ್ಲ ಕೇಳುವಂತೆ "ಮೂವತ್ನಾಲ್ಕು!" ಎಂದು ಕೂಗುತ್ತೇನೆ. ಕಟಿಂಗ್ ಮೇಜಿನ ಬಳಿ ಅಳತೆ ಪುಸ್ತಕ ಹಿಡಿದು ನಿಂತ ನನ್ನ ಹೆಂಡತಿ ಕಣ್ಣು ಮಿಟುಕಿಸದೆ ಮೂವತ್ತೆಂಟು ಎಂದು ಬರೆದುಕೊಳ್ಳುತ್ತಾಳೆ. ಸೊಂಟಕ್ಕೆ ಯಾವಾಗಲೂ ನಾಲ್ಕು ಇಂಚು ಸೇರಿಸಿ ಬರೆಯುವುದು, ಅಷ್ಟೇ ಲೆಕ್ಕ. ಗಿರಾಕಿ ಮೂವತ್ನಾಲ್ಕರ ಹೆಮ್ಮೆಯಲ್ಲಿ ಎದೆಯುಬ್ಬಿಸಿಕೊಂಡು ಮನೆಗೆ ಹೋಗುತ್ತಾನೆ, ಮೂವತ್ತೆಂಟರ ಪ್ಯಾಂಟು ಸಲೀಸಾಗಿ ಏರುತ್ತದೆ. ದೇಶದ ಅರ್ಧ ಹೊಟ್ಟೆಗಳು ನನ್ನ ಅಂಗಡಿಗೇ ಹುಡುಕಿಕೊಂಡು ಬರುವುದು ಇದಕ್ಕಾಗಿ.

ಅಪ್ಪ ಐವತ್ತಾರನೇ ವಯಸ್ಸಿನಲ್ಲಿ ಇದೇ ಮೆಷಿನ್ನಿನ ಮೇಲೆ ತಲೆಯಿಟ್ಟು ಹೋಗಿಬಿಟ್ಟರು. ಎದೆನೋವು. ಹೊಲಿಗೆ ಅರ್ಧಕ್ಕೇ ನಿಂತಿತ್ತು. ನನಗೀಗ ಐವತ್ತೈದು. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಬಣ್ಣ ಕಟ್ಟಿ ಹೇಳಲು ಬರುವುದಿಲ್ಲ.

ಮಗಳು ಪಕ್ಕದ ಬೀದಿಯ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ತರಬೇತಿಗೆ ಸೇರಿದ್ದಳು. ಅಭ್ಯಾಸಕ್ಕೆ ಅವಳಿಗೆ ತೋಳುಗಳು ಬೇಕಿದ್ದವು.

"ಅಪ್ಪಾ, ನಾಳೆ ಬೆಳಿಗ್ಗೆ ಏನೂ ತಿನ್ನದೆ ಬಂದು ಕೈ ಕೊಡ್ತೀಯಾ?"

"ಕೈ ಏನು, ಬೇಕಾದಷ್ಟು ರಕ್ತ ತಗೋ. ಬಿಂದಿಗೆ ಇಟ್ಟಿರು, ಸಣ್ಣ ಬಾಟ್ಲಿಯೆಲ್ಲ ನನ್ನ ರಭಸಕ್ಕೆ ತಡೆಯಲ್ಲ."

ಅವಳು ತೆಗೆದದ್ದು ಎರಡು ಚಮಚ. ಮರುದಿನ ಸಂಜೆ ಊಟದ ಹೊತ್ತಿಗೆ ಕಾಗದ ಹಿಡಿದು ಬಂದವಳ ಮುಖ, ಬಣ್ಣ ಬಿಟ್ಟ ಬಟ್ಟೆಯಂತಾಗಿತ್ತು. "ನಾಳೆ ಡಾಕ್ಟರಮ್ಮ ನಿನ್ನ ಕರ್ಕೊಂಡು ಬಾ ಅಂದಿದಾರೆ."

"ನನ್ನ ರಕ್ತ ನೋಡಿ ಬೆರಗಾಗಿರಬೇಕು," ಎಂದೆ ನಾನು.

"ಆಗಿದಾರೆ," ಎಂದಳು ಮಗಳು.

ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನೂರ ನಲವತ್ತೆಂಟು. ಕಾಗದದ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತ ಹೋದರು.

"ಒಂದೊಂದೇ ನೋಡಿದ್ರೆ ಯಾವುದೂ ಅಂಥ ದೊಡ್ಡದಲ್ಲ ಮಾಸ್ಟ್ರೇ. ಬರಿ ಹೊಟ್ಟೇಲಿ ಸಕ್ಕರೆ ನೂರ ಹದಿನಾರು. ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಗೇಟಿನ ಹತ್ರ ನಿಂತಿದೆ. ಬಿಪಿ ಜಾಸ್ತಿ. ಟ್ರೈಗ್ಲಿಸರೈಡು, ಅಂದ್ರೆ ರಕ್ತದಲ್ಲಿ ಓಡಾಡೋ ಕೊಬ್ಬು, ಅದೂ ಜಾಸ್ತಿ. ಒಳ್ಳೆ ಕೊಲೆಸ್ಟ್ರಾಲು ಕಡಿಮೆ. ಐದನೇದು ಸೊಂಟದ ಸುತ್ತಳತೆ. ಇವು ಒಬ್ಬೊಬ್ರೇ ಬರಲ್ಲ, ಗುಂಪು ಕಟ್ಕೊಂಡು ಬರ್ತವೆ. ಐದರಲ್ಲಿ ಮೂರು ಸೇರಿದ್ರೆ ಸಾಕು, ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತೀವಿ. ಹೃದಯಕ್ಕೆ ಅಪಾಯ ಸುಮಾರು ಎರಡು ಪಟ್ಟಾಗುತ್ತೆ."

"ಐದರಲ್ಲಿ ನನಗೆಷ್ಟು ಬಂತು?"

"ಸದ್ಯಕ್ಕೆ ನಾಲ್ಕು. ಸೊಂಟ ಅಳೆದ್ರೆ ಐದು."

ಶಾಲೆಯಲ್ಲಿ ಯಾವ ಮೇಷ್ಟ್ರೂ ನನಗೆ ಐದಕ್ಕೆ ನಾಲ್ಕು ಕೊಟ್ಟಿರಲಿಲ್ಲ. ನಿಜ ಹೇಳುತ್ತೇನೆ, ಒಂದು ಗಳಿಗೆ ಹೆಮ್ಮೆಯಾಯಿತು. ಕಾಯಿಲೆಯ ಹೆಸರೂ ಎಷ್ಟು ಗತ್ತಿನದು! ನಮ್ಮ ಬೀದಿಯಲ್ಲಿ ಇದುವರೆಗೆ ಯಾರಿಗೂ ಕೆಮ್ಮು, ನೆಗಡಿ, ಮಂಡಿನೋವಿಗಿಂತ ಉದ್ದದ್ದು ಬಂದಿರಲಿಲ್ಲ.

"ಆದ್ರೆ ನನಗೆ ಎಲ್ಲೂ ನೋವಿಲ್ವಲ್ಲ ಡಾಕ್ಟ್ರೇ?"

"ಅದೇ ತೊಂದರೆ. ನೋವಿದ್ದಿದ್ರೆ ಮೂರು ವರ್ಷದ ಹಿಂದೆನೇ ಓಡಿ ಬರ್ತಿದ್ರಿ. ಹೊಟ್ಟೆ ಒಳಗೆ, ಲಿವರ್ ಸುತ್ತ ಕೂತಿರೋ ಕೊಬ್ಬು ಸುಮ್ಮನೆ ಕೂರಲ್ಲ. ರಕ್ತಕ್ಕೆ ಕೊಬ್ಬು ಬಿಡ್ತಾ ಇರುತ್ತೆ, ಇನ್ಸುಲಿನ್ ಮಾತು ಮೈ ಕೇಳದ ಹಾಗೆ ಮಾಡುತ್ತೆ. ರಕ್ತನಾಳ ಒಳಗೊಳಗೇ ಕೆಡ್ತಾ ಹೋಗುತ್ತೆ. ನಿಮ್ಮ ತಂದೆಯವರು?"

ಮಗಳು ಹೇಳಿದಳು. ಡಾಕ್ಟರಮ್ಮ ಒಂದು ಕ್ಷಣ ಪೆನ್ನು ಕೆಳಗಿಟ್ಟರು. ಆಮೇಲೆ ಬಿಪಿಗೆ ಒಂದು ಮಾತ್ರೆ ಬರೆದರು. ದಿನಾ ಮುಕ್ಕಾಲು ಗಂಟೆ ಬಿರುಸಿನ ನಡಿಗೆ, ಸಿಹಿ ಬಂದ್, ಕರಿದದ್ದು ಬಂದ್, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. "ಸೊಂಟ ತೊಂಬತ್ತು ಸೆಂಟಿಮೀಟರ್ ಒಳಗಿರಬೇಕು, ಮೂವತ್ತೈದೂವರೆ ಇಂಚು. ಬೆಲ್ಟ್ ಹಾಕೋ ಕಡೆ ಅಲ್ಲ, ಹೊಕ್ಕುಳ ಮಟ್ಟಕ್ಕೆ ಅಳೀಬೇಕು. ವಾರವಾರ ಮನೇಲೇ ಅಳೆದು ಬರೆದಿಡಿ. ನಿಮಗೆ ನಾನು ಅಳತೆ ಹೇಳಿಕೊಡೋದೇ? ನಿಮ್ಮ ಕಸುಬೇ ಅದು."

ಆ ಕೊನೆಯ ಮಾತು ಅವರು ಆಡಬಾರದಿತ್ತು.

ಭಾನುವಾರ ಬೆಳಿಗ್ಗೆ ಹೆಂಡತಿ ಟೇಪು ಹಿಡಿದು ಬಂದಳು. "ಬನ್ನಿ, ಅಳೀತೀನಿ."

"ಮಾಸ್ಟರ್ ಸೊಂಟಕ್ಕೆ ಇನ್ನೊಬ್ಬರು ಟೇಪು ಹಾಕೋದುಂಟೇನೇ? ನಾನೇ ಅಳೆದ್ಕೋತೀನಿ. ನೀನು ಬರ್ಕೋ."

ಟ್ರಯಲ್ ಕೊಡುವ ಮೂಲೆಯ ಪರದೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಹೊಕ್ಕುಳ ಮೇಲೆ ಟೇಪು ಸುತ್ತಿದೆ. ನಲವತ್ತೆರಡೂವರೆ! ಟೇಪು ಹಳೆಯದಾಗಿರಬೇಕೆಂದು ಹೊಸ ಟೇಪಿನಿಂದ ಅಳೆದೆ. ಹೊಸದು ಇನ್ನೂ ಕಾಲಿಂಚು ಹೆಚ್ಚು ಹೇಳಿತು. ಹಳೆಯದನ್ನೇ ನಂಬಿದೆ. ಈಗ, ನಾನು ಏನು ಕೂಗಿದರೂ ಅವಳು ನಾಲ್ಕು ಸೇರಿಸಿ ಬರೆಯುತ್ತಾಳೆ, ಮೂವತ್ತು ವರ್ಷದಿಂದ ಅವಳ ಕೈಗೆ ಬೇರೆ ಗೊತ್ತಿಲ್ಲ. ಆದ್ದರಿಂದ ನಾನು ಎಂಟೂವರೆ ಕಳೆದು ಕೂಗಿದೆ.

"ಮೂವತ್ನಾಲ್ಕು!"

"ಮೂವತ್ತೆಂಟು," ಎಂದು ಗೊಣಗುತ್ತ ಅವಳು ಬರೆದಳು. "ಪರವಾಗಿಲ್ಲ ಕಣ್ರೀ. ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ."

ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ದಂಗೆ ಶುರುವಾಯಿತು. ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳೋ ಮೊಟ್ಟೆಯೋ, ಉಳಿದ ಕಾಲು ಭಾಗ ಅನ್ನ.

"ಅನ್ನ ಎಲ್ಲಿ?"

"ಸೊಪ್ಪಿನ ಹಿಂದೆ ಇದೆ, ಸರಿಯಾಗಿ ನೋಡಿ."

ಸೊಪ್ಪು ಬೆಟ್ಟದಷ್ಟಿತ್ತು. ಅದನ್ನು ಹತ್ತಿ ಆಚೆ ಇಳಿದರೆ ಅಲ್ಲಿ ಹದಿನೇಳು ಅಗುಳು ಅನ್ನ, ಎಣಿಸಿದ್ದೇನೆ.

ಅಮ್ಮ ತನ್ನ ತಟ್ಟೆ ದೂಡಿದಳು. ಎಪ್ಪತ್ತೆಂಟು ವಯಸ್ಸು, ಸೂಜಿಯಂಥ ಮೈ, ಸೂಜಿಯಂಥದೇ ಮಾತು. "ಏನಮ್ಮಾ ಸೊಸೆ, ದುಡಿಯೋ ಗಂಡಸಿಗೆ ಮೇವು ಹಾಕ್ತಿದೀಯಲ್ಲ?"

"ನಾನಲ್ಲ ಅತ್ತೆ, ಡಾಕ್ಟ್ರು ಹಾಕ್ತಿರೋದು."

"ಅಜ್ಜಿ, ನೀನು ಅಪ್ಪನ ಟೀಗೆ ಕದ್ದು ಸಕ್ಕರೆ ಹಾಕೋದು ನನಗೆ ಗೊತ್ತು," ಎಂದಳು ಮಗಳು.

"ಹಾಕಿದ್ದು ಒಂದು ಚಮಚ ಕಣೇ."

"ಮೂರು!"

"ಒಂದೇ ಚಮಚದಲ್ಲೇ ಮೂರು ಸಲ ಹಾಕಿದ್ದು."

ನಾನು ತಲೆ ತಗ್ಗಿಸಿ ಮೇಯುತ್ತಿದ್ದೆ. ಹಸಿವೆಯೇನೂ ಇರಲಿಲ್ಲ ಅನ್ನಿ. ಎದುರುಗಡೆಯ ಬೇಕರಿಯವನು ನನ್ನ ಪ್ರಾಣಸ್ನೇಹಿತ. ಅವನ ಕೆನೆ ಬನ್ನು ಕಚ್ಚಿದರೆ ಸತ್ತವರು ಎದ್ದು ಕುಳಿತು ಇನ್ನೊಂದು ಕೇಳುತ್ತಾರೆ. ನನ್ನ ಕಷ್ಟ ಕೇಳಿ ಅವನ ಕಣ್ಣು ತುಂಬಿ ಬಂದು, ಮರುದಿನದಿಂದಲೇ ತನ್ನ ಹಳೇ ಪ್ಯಾಂಟುಗಳನ್ನು ಒಂದೊಂದಾಗಿ ರಿಪೇರಿಗೆ ತರತೊಡಗಿದ. ಪ್ಯಾಂಟಿನೊಳಗೆ ಎರಡು ಬನ್ನು. ನಾನು ಪ್ಯಾಂಟು ಹಿಡಿದು ಪರದೆಯ ಹಿಂದೆ ಹೋಗುತ್ತಿದ್ದೆ.

"ಒಳಗ್ಯಾರಿದಾರೋ?" ಎನ್ನುತ್ತಿದ್ದಳು ಅಮ್ಮ, ಬಾಗಿಲ ಬಳಿಯ ಕುರ್ಚಿಯಿಂದ.

"ಟ್ರಯಲ್ ನೋಡ್ತಿದೀನಮ್ಮಾ," ಎನ್ನುತ್ತಿದ್ದೆ, ಬಾಯಿ ತುಂಬ ಕೆನೆ ತುಂಬಿಕೊಂಡು.

ಬೆಳಗಿನ ನಡಿಗೆಯ ವಿಷಯದಲ್ಲೂ ನನ್ನದು ಅಷ್ಟೇ ನಿಷ್ಠೆ. ಕ್ಯಾನ್ವಾಸ್ ಶೂ ಕಟ್ಟಿಕೊಂಡು ಬಿರುಗಾಳಿಯಂತೆ ಮನೆಯಿಂದ ಹೊರಡುತ್ತಿದ್ದೆ. ಬೀದಿ ದಾಟಿ ಬೇಕರಿಯ ಹಿಂಬಾಗಿಲಿಗೆ ಮೂವತ್ತೆರಡು ಹೆಜ್ಜೆ. ಅಲ್ಲಿ ಒಲೆಯ ಪಕ್ಕದ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕುಳಿತರೆ ಬೆವರು ತಾನಾಗಿಯೇ ಸುರಿಯುತ್ತಿತ್ತು. ಮನೆಗೆ ಬಂದಾಗ ಹೆಂಡತಿ ಟವೆಲ್ ಹಿಡಿದು ಕಾಯುತ್ತಿದ್ದಳು.

"ಇಷ್ಟೊಂದು ಬೆವರೇನ್ರೀ! ಎಲ್ಲೀ ತನಕ ಹೋಗಿದ್ರಿ?"

"ಊರ ಆಚೆಗೆ. ದಾರೀಲಿ ಎರಡು ಬಸ್ಸು ಹಿಂದೆ ಹಾಕ್ದೆ."

ಅವಳು ನಗುತ್ತಿದ್ದಳು. ಆ ನಗು ಕಂಡಾಗ ಬನ್ನು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಂಡಂತಾಗುತ್ತಿತ್ತು. ಒಂದು ಲೋಟ ನೀರು ಕುಡಿದರೆ ಇಳಿಯುತ್ತಿತ್ತು.

ಪ್ರತಿ ಭಾನುವಾರ ಪರದೆಯ ಹಿಂದಿನಿಂದ ನಾನು ಕೂಗುವುದು ಅರ್ಧರ್ಧ ಇಂಚು ಇಳಿಯುತ್ತ ಹೋಯಿತು. ಅವಳ ಪುಸ್ತಕದಲ್ಲಿ ಮೂವತ್ತೆಂಟು ಮೂವತ್ತೇಳೂವರೆಯಾಯಿತು, ಮೂವತ್ತೇಳಾಯಿತು. ಐದನೇ ವಾರಕ್ಕೆ ಮೂವತ್ತಾರು. ಮಗಳು ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. "ಡಾಕ್ಟರಮ್ಮ ನಿನ್ನ ಹೆಸರು ಹೇಳಿ ಬೇರೆ ಪೇಷೆಂಟ್‌ಗಳಿಗೆ ಬೈತಿದಾರೆ ಅಪ್ಪ!" ಎಂದಳು. ಟೇಪು ಮಾತ್ರ ಆ ಹೊತ್ತಿಗೆ ನಲವತ್ತಮೂರು ಹೇಳುತ್ತಿತ್ತು. ಟೇಪಿಗೇನು, ಬಾಯಿಲ್ಲವಲ್ಲ.

ಆರನೇ ವಾರ ಮಗಳ ತರಬೇತಿ ಮುಗಿದು ಸರ್ಟಿಫಿಕೇಟು ಕೊಡುವ ದಿನ ಬಂತು. ಮನೆಯವರೆಲ್ಲ ಹತ್ತು ಗಂಟೆಗೆ ಆಸ್ಪತ್ರೆಯ ಸಭಾಂಗಣದಲ್ಲಿರಬೇಕು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಕಟಿಂಗ್ ಮೇಜಿನ ಮೇಲೆ ಒಂದು ಪ್ಯಾಂಟು ಮಡಿಸಿಟ್ಟಿದ್ದಳು. ಬೂದು ಬಣ್ಣದ ಉಣ್ಣೆಬಟ್ಟೆ. ಎಂಟು ವರ್ಷದಿಂದ ಪೆಟ್ಟಿಗೆಯಲ್ಲಿ, ಒಳ್ಳೆಯ ದಿನಕ್ಕೆಂದು ಎತ್ತಿಟ್ಟಿದ್ದ ಬಟ್ಟೆ.

"ನೀವು ನಡಿಯೋಕೆ ಹೋದಾಗೆಲ್ಲ ಕೂತು ಹೊಲಿದೆ," ಎಂದಳು. "ನಿಮಗೆ ಗೊತ್ತಾಗದ ಹಾಗೆ. ಹಾಕ್ಕೊಳ್ಳಿ ನೋಡೋಣ."

ನನ್ನ ಪ್ಯಾಂಟು ನಿಲ್ಲುವುದು ಅಪ್ಪನ ಕಾಲದ ಹಾಗೆ ಹೊಕ್ಕುಳ ಮೇಲೆ. ಪರದೆಯ ಹಿಂದೆ ಹೋಗಿ ಕಾಲು ತೂರಿಸಿದೆ. ಮಂಡಿ ದಾಟಿತು. ತೊಡೆಯ ಬಳಿ ಚೌಕಾಸಿ ಮಾಡಿತು. ಸೊಂಟಕ್ಕೆ ಬಂದಾಗ ಗುಂಡಿ ಒಂದು ದೇಶದಲ್ಲಿತ್ತು, ಕಾಜ ಇನ್ನೊಂದು ದೇಶದಲ್ಲಿ. ನಡುವೆ ಗಡಿ ಕಾಯಲು ಹೊಟ್ಟೆ. ಉಸಿರೆಳೆದೆ, ಕುಪ್ಪಳಿಸಿದೆ, ಗೋಡೆಗೆ ಒತ್ತಿಕೊಂಡೆ. ಏನೂ ಆಗಲಿಲ್ಲ.

"ಆಯ್ತಾ?"

"ಆಗ್ತಾ ಇದೆ."

ಅವಳು ಪರದೆ ಸರಿಸಿಬಿಟ್ಟಳು. ಮಗಳೂ ಅಮ್ಮನೂ ಹಿಂದೆಯೇ ಇದ್ದರು. ಯಾರೂ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಬಟ್ಟೆ ಕುಗ್ಗಿರಬೇಕು," ಎಂದೆ.

"ಉಣ್ಣೆ ಕಣ್ರೀ. ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೇ ಕತ್ತರಿಸಿದ್ದು." ಅವಳು ಪ್ಯಾಂಟು ಬಿಚ್ಚಿಸಿಕೊಂಡು ಮೇಜಿನ ಮೇಲೆ ಹರಡಿದಳು. ಸೊಂಟಪಟ್ಟಿಗೆ ಟೇಪು ಇಟ್ಟಳು. ಮೂವತ್ತಾರು. ಅಳತೆ ಪುಸ್ತಕ ತೆರೆದಳು. ಮೂವತ್ತಾರು. ಮತ್ತೆ ಟೇಪು, ಮತ್ತೆ ಪುಸ್ತಕ. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ನನ್ನ ಕೈ ಕೆಟ್ಟಿತು," ಎಂದಳು ಮೆಲ್ಲಗೆ. "ಕಮ್ಮಿ ಅಂದ್ರೂ ಏಳಿಂಚು ತಪ್ಪು. ಇಷ್ಟು ವರ್ಷದಲ್ಲಿ ಒಂದು ಕಾಲಿಂಚು ತಪ್ಪಿದವಳಲ್ಲ ನಾನು. ಕಣ್ಣು ಹೋಗ್ತಿದೆಯೋ ಏನೋ. ನಾಳೆಯಿಂದ ಕಟಿಂಗ್ ನೀವೇ ನೋಡ್ಕೊಳ್ಳಿ. ಇನ್ನೊಬ್ಬರ ಬಟ್ಟೆ ಹಾಳು ಮಾಡೋದು ಬೇಡ."

ಈಗ ಹೇಳುತ್ತೇನೆ, ಬಚ್ಚಿಡುವುದಿಲ್ಲ. ಸುಮ್ಮನಿದ್ದುಬಿಡೋಣ ಎಂದು ಒಂದು ಕ್ಷಣ ಅನಿಸಿತು. ಅವಳ ಕಣ್ಣಿನ ಮೇಲೆ ಹಾಕಿದರೆ ನನ್ನ ಹೊಟ್ಟೆ ಬಚಾವಾಗುತ್ತಿತ್ತು. ಆದರೆ ಅವಳು ಕತ್ತರಿಯನ್ನು ಎತ್ತಿ, ಡ್ರಾಯರಿನೊಳಗಿಟ್ಟು, ಡ್ರಾಯರು ಮುಚ್ಚಿದಳು. ನನ್ನ ಕತ್ತರಿಯ ಬಗ್ಗೆ ನಾನು ಏನೇನು ಕೊಚ್ಚಿಕೊಂಡೆನೋ, ಅದರಲ್ಲಿ ಮುಕ್ಕಾಲು ಅವಳ ಕೈಯದು.

"ನಿನ್ನ ಕೈ ಸರಿಯಾಗಿದೆ ಕಣೇ," ಎಂದೆ. ಒಳಚಡ್ಡಿಯಲ್ಲಿ ನಿಂತು ಹೇಳುವಂಥ ಮಾತಲ್ಲ ಅದು. "ನಾನು ಕೂಗಿದ್ದೇ ಸುಳ್ಳು."

"ನಾಲ್ಕು ಸೇರಿಸಿನೇ ಬರ್ದಿದೀನಲ್ಲ?"

"ನೀನು ಸೇರಿಸ್ತೀಯ ಅಂತ ಗೊತ್ತಿತ್ತು. ಅದನ್ನೂ ಲೆಕ್ಕ ಹಾಕಿ ಕೂಗಿದ್ದು."

ಆಮೇಲೆ ಅವಳು ಬಾಯಿ ತೆರೆದಳು ನೋಡಿ, ಬೀದಿಯ ಮೂರು ಕಿಟಕಿಗಳೂ ತೆರೆದುಕೊಂಡವು.

"ಗಿರಾಕಿಗೆ ಸುಳ್ಳು ಹೇಳಿ ನನಗೆ ನಿಜ ತಿಳಿಸ್ತಿದ್ರಿ. ಮೂವತ್ತು ವರ್ಷ ಆ ಧೈರ್ಯದ ಮೇಲೆ ಕಣ್ಮುಚ್ಕೊಂಡು ಬಟ್ಟೆ ಕತ್ತರಿಸಿದೆ. ಈಗ ನನಗೇ ಸುಳ್ಳಾ? ಈ ಬಟ್ಟೆ ಹೋದ್ರೆ ಹೋಗ್ಲಿ. ನಾಳೆ ನೀವು ಎದೆ ಹಿಡ್ಕೊಂಡು 'ಏನೂ ಇಲ್ಲ' ಅಂದ್ರೆ, ನಾನು ಅದಕ್ಕೆಷ್ಟು ಸೇರಿಸಿ ಕೇಳಿಸ್ಕೊಳ್ಳಲಿ? ಹೇಳ್ರೀ!"

ನಾನು ಪರದೆಯ ಅಂಚು ಎಳೆದು ಹೊಟ್ಟೆಗೆ ಮರೆಮಾಡಿಕೊಂಡೆ.

"ಮತ್ತೆ ಆ ಬೆವರು?" ಎಂದಳು ಮಗಳು.

"ಬೇಕರಿ ಒಲೆ," ಎಂದಳು ಅಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

"ನಾನು ಬಾಗಿಲಲ್ಲೇ ಕೂತಿರೋಳು. ಕಾಣಲ್ವಾ? ಪರದೆ ಹಿಂದೆ ಗುಡಿಸಿದ್ರೆ ದಿನಾ ಒಂದು ಹಿಡಿ ಬನ್ನಿನ ಪುಡಿ." ಅವಳ ಸೂಜಿ ಮಾತು ಸ್ವಲ್ಪ ಮೊಂಡಾಯಿತು. "ತಿನ್ನಲಿ ಪಾಪ ಅಂತ ಸುಮ್ನಿದ್ದೆ. ಸಕ್ಕರೇನೂ ನಾನೇ ಹಾಕ್ದೆ. ಆದ್ರೆ ಈಗ 'ಬಟ್ಟೆ ಕುಗ್ಗಿದೆ' ಅಂದ ನೋಡು, ಎದೆ ಧಸಕ್ ಅಂತು. ಇವನ ಅಪ್ಪನೂ ಅದೇ ಮಾತು ಆಡಿದ್ರು. ಹೋಗೋಕೆ ಹದಿನೈದು ದಿನ ಮುಂಚೆ. ಪ್ಯಾಂಟು ಬಿಗಿಯಾಗಿತ್ತು, ನಕ್ಕೊಂಡು ಬಟ್ಟೆ ಕುಗ್ಗಿದೆ ಅಂದ್ರು. ನಾನೂ ನಕ್ಕೆ."

ಹೆಂಡತಿ ಟೇಪು ತೆಗೆದುಕೊಂಡು ನನ್ನ ಮುಂದೆ ಬಂದು ನಿಂತಳು. ಕೈಯೆತ್ತಿ ಎಂದು ಹೇಳಲಿಲ್ಲ, ನಾನೇ ಎತ್ತಿದೆ. ಹೊಕ್ಕುಳ ಮಟ್ಟಕ್ಕೆ ಸುತ್ತಿ, ಉಸಿರು ಬಿಡುವವರೆಗೆ ಕಾದು ನೋಡಿ, ಮೂರು ಕಿಟಕಿಗೂ ಕೇಳುವಂತೆ ಕೂಗಿದಳು.

"ನಲವತ್ತಮೂರೂಕಾಲು!"

ಮಗಳು ಪುಸ್ತಕ ಎಳೆದುಕೊಂಡು, ಒಂದು ಇಂಚೂ ಸೇರಿಸದೆ ಬರೆದಳು. ನಾನು ಹಳೇ ಪ್ಯಾಂಟಿನಲ್ಲೇ ಎಲ್ಲರ ಜೊತೆ ಸಭಾಂಗಣಕ್ಕೆ ಹೋದೆ. ಡಾಕ್ಟರಮ್ಮ ನನ್ನನ್ನು ನೋಡಿ, ಹೊಟ್ಟೆ ನೋಡಿ, ಪುನಃ ನನ್ನನ್ನು ನೋಡಿದರು. ಮಗಳು ಅವರ ಕಿವಿಯಲ್ಲಿ ಏನೋ ಹೇಳಿದಳು. ಅಲ್ಲಿಂದಾಚೆ ನನ್ನ ಹೆಸರು ಹೇಳಿ ಯಾರಿಗೂ ಬೈಯುವುದು ನಿಂತಿತೆಂದು ಕೇಳಿದ್ದೇನೆ.

ಸೋಮವಾರದಿಂದ ಹೆಂಡತಿ ನನ್ನ ಜೊತೆ ನಡೆಯಲು ಬಂದಳು. ಜೊತೆ ಎಂದೆನೇ? ಹತ್ತು ಮಾರು ಮುಂದೆ. ಮೊದಲ ದಿನ ನಾನು ಬೀದಿಯ ಕೊನೆಯ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಕುಸಿದೆ. ನನ್ನ ಏದುಸಿರಿಗೆ ಆ ಅಂಗಡಿಯ ಕ್ಯಾಲೆಂಡರು ಮೂರು ಹಾಳೆ ಮುಂದಕ್ಕೆ ಹೋಯಿತು. ಅವಳು ತಿರುಗಿ ನೋಡಲಿಲ್ಲ. ಹೆಜ್ಜೆ ಮಾತ್ರ ನಿಧಾನವಾಯಿತು. ನಾನು ಎದ್ದೆ.

ಬೇಕರಿಯವನಿಗೆ ಅವಳೇ ಹೋಗಿ ಹೇಳಿ ಬಂದಳು. "ಅಣ್ಣಾ, ಇನ್ಮೇಲೆ ಪ್ಯಾಂಟು ತಂದ್ರೆ ಪ್ಯಾಂಟು ಮಾತ್ರ ತರಬೇಕು. ಮೊದಲು ನೀವು ಇಲ್ಲಿ ಬನ್ನಿ." ಅವನ ಸೊಂಟಕ್ಕೂ ಟೇಪು ಸುತ್ತಿ, ಇದ್ದದ್ದು ಇದ್ದ ಹಾಗೆ ಕೂಗಿದಳು. ಅವನು ಎರಡು ದಿನ ನಮ್ಮ ಕಡೆ ಮುಖ ತೋರಿಸಲಿಲ್ಲ. ಮೂರನೆಯ ದಿನ ಕ್ಯಾನ್ವಾಸ್ ಶೂ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದ.

ಜಗಳವೇನೂ ನಿಲ್ಲಲಿಲ್ಲ. ಒಂದು ದಿನ ನಾನು ಬೇಯಿಸಿದ ಕಾಳನ್ನು ನೋಡಿ, "ಇದು ಗುಂಡಿ ಡಬ್ಬಿಯಿಂದ ತೆಗೆದು ಹಾಕಿದ್ದಾ?" ಎಂದೆ. ಅವಳು ತಟ್ಟೆ ಎತ್ತಿಕೊಂಡು ಹೋದಳು. ಅರ್ಧ ಗಂಟೆಯ ನಂತರ ನಾನೇ ಹೋಗಿ ತಂದುಕೊಂಡೆ. ಇನ್ನೊಂದು ದಿನ ಮಾತ್ರೆ ನುಂಗಲು ಮರೆತೆ. ಮಗಳು ಅದನ್ನು ದಾರದಲ್ಲಿ ಕಟ್ಟಿ ಮೆಷಿನ್ನಿನ ಸೂಜಿಯ ಮುಂದೆ ತೂಗುಬಿಟ್ಟಳು. ಅಮ್ಮ ಸಕ್ಕರೆ ಡಬ್ಬಿಯನ್ನು ತನ್ನ ಕೋಣೆಗೆ ಒಯ್ದು ಬೀಗ ಹಾಕಿಕೊಂಡಳು. "ನನ್ನ ಕೈಗೂ ಸಿಗಬಾರದು," ಎಂದು ಬೀಗದಕೈ ಸೊಸೆಯ ಕೈಗೆ ಕೊಟ್ಟಳು.

ಮೂರು ತಿಂಗಳಿಗೆ ಗೊತ್ತು ಮಾಡಿದ್ದ ದಿನ ನಾಲ್ವರೂ ಡಾಕ್ಟರಮ್ಮನ ಕೋಣೆಯಲ್ಲಿ ಕುಳಿತೆವು. ರಕ್ತ ತೆಗೆದವಳು ಮಗಳೇ, ಕಾಗದ ಓದಿದವಳೂ ಮಗಳೇ. ಸಕ್ಕರೆ ನೂರ ನಾಲ್ಕು. ಬಿಪಿ ಮಾತ್ರೆಯ ಜೊತೆ ನೂರ ಇಪ್ಪತ್ತೆಂಟು. ಟ್ರೈಗ್ಲಿಸರೈಡು ಇನ್ನೂರ ಮೂವತ್ತಾರಿದ್ದದ್ದು ನೂರ ಎಪ್ಪತ್ತು. ಒಳ್ಳೆ ಕೊಲೆಸ್ಟ್ರಾಲು ಜಾಗ ಬಿಟ್ಟು ಕದಲಿಲ್ಲ. ಸೊಂಟವನ್ನು ಡಾಕ್ಟರಮ್ಮನೇ ಎದ್ದು ಬಂದು ಅಳೆದರು. ನಲವತ್ತೊಂದು.

"ಇಷ್ಟೆಲ್ಲ ಮಾಡಿ ಇನ್ನೂ ಗುಂಪಿನಲ್ಲೇ ಇದೀನಾ?" ಎಂದೆ. ನನಗೆ ಅಳುವೇ ಬಂದಿತ್ತು. ನಾನು ಅತ್ತರೆ ಆಸ್ಪತ್ರೆಯ ಮೊದಲ ಮಹಡಿಯವರೆಗೆ ನೀರು ನಿಲ್ಲುತ್ತಿತ್ತು, ತಡೆದುಕೊಂಡೆ.

"ಇದೀರಿ, ಮೂರಕ್ಕಿಂತ ಹೆಚ್ಚು ಇನ್ನೂ ಮಿತಿ ಮೀರೇ ಇವೆ. ಆದ್ರೆ ಐದರಲ್ಲಿ ನಾಲ್ಕು ಇಳೀತಿವೆ. ನಿಮ್ಮ ಹೃದಯಕ್ಕೆ ಅದು ಗೊತ್ತಾಗುತ್ತೆ, ಕಾಗದಕ್ಕೆ ಗೊತ್ತಾಗೋದು ನಿಧಾನ."

ಅಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಅಲ್ಲ ತಾಯಿ, ಈ ಸೊಪ್ಪು, ಈ ಓಡಾಟ, ಈ ಮಾತ್ರೆ, ಎಷ್ಟು ದಿನ ಇದೆಲ್ಲ?"

"ಬದುಕಿರೋ ತನಕ ಅಜ್ಜಿ."

ಅಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಅಪ್ಪ ಹೋದ ಮೇಲೆ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ನನಗೆ ನೆನಪಿಲ್ಲ.

"ಹಾಗಾದ್ರೆ ತುಂಬಾ ವರ್ಷ ನಡೀಲಿ ಬಿಡು," ಎಂದಳು. ಆಮೇಲೆ ನನ್ನ ಮೊಣಕೈಗೆ ತಿವಿದು, "ಏಳೋ, ಕೂತಿದ್ದು ಸಾಕು. ಮನೆಗೆ ನಡ್ಕೊಂಡೇ ಹೋಗೋಣ."